ಬೋರಕ್ಕನ ಮೂರು ಮಾತು

ಜನವರಿ 9, ಗುರುವಾರ

ಅನ್ನಿಸಿದ್ದನ್ನೆಲ್ಲ ಜನರ ಮುಂದೆ ಆಡಬೇಡ, ತಡೆಯೋಕೆ ಆಗದಿದ್ದರೆ ಇದರಲ್ಲಿ ಬರ್ಕೋ ಅಂತ ಅವ್ವ ಈ ಡೈರಿ ಕೊಟ್ಟಳು. ಗೊಬ್ಬರದ ಅಂಗಡಿಯವರು ಹಂಚಿದ್ದು, ಪುಟಪುಟದ ಕೆಳಗೂ ಒಂದು ಶೇಂಗಾ ಗಿಡ.

ಅವ್ವ ಅನ್ನೋದು ಸುಳ್ಳು. ನಾನು ಅನ್ನಿಸಿದ್ದನ್ನು ಆಡುವುದಿಲ್ಲ. ಕಂಡಿದ್ದು, ಕೇಳಿದ್ದು, ಅಷ್ಟನ್ನೇ ಆಡುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಪಕ್ಕದವನು ಚೀಟಿ ಇಟ್ಟುಕೊಂಡಿದ್ದ. ಇಟ್ಟಿದ್ದಾನಾ ಅಂತ ಮೇಷ್ಟ್ರು ನನ್ನನ್ನೇ ಕೇಳಿದರು. ಹೌದು ಸಾರ್ ಅಂದೆ. ಆಮೇಲೆ ಆ ಬೆಂಚಿನಲ್ಲಿ ನಾನೊಬ್ಬನೇ. ಕೂತು ಕೂತು ಸಾಕಾಗಿ ಶಾಲೆ ಬಿಟ್ಟೆ. ಪೆಟ್ರೋಲ್ ಬಂಕು ಆಯಿತು, ಟೈಲ್ಸ್ ಕೆಲಸ ಆಯಿತು. ಈಗ ಚಳ್ಳಕೆರೆಯಲ್ಲಿ ಮುಬಷೀರಣ್ಣನ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಟಿವಿ. ಇದೂ ಬೇಸರ ಬಂದರೆ ಬಿಡುವುದೇ. ಮುಬಷೀರಣ್ಣ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಲೇ ಸಾಕ್ಷಿ" ಅನ್ನುತ್ತಾನೆ.

ಇವತ್ತು ಎಣ್ಣೆ ಮಿಲ್ಲಿನ ಗೋವರ್ಧನಣ್ಣ ಒಂದು ತಗಡಿನ ಟ್ರಂಕು ತಂದು ಕೌಂಟರಿನ ಮೇಲೆ ಇಟ್ಟರು. ಒಳಗೆ ಹಳೇ ಸೀರೆಯ ಗಂಟು, ಗಂಟಿನಲ್ಲಿ ಒಂದು ಕಾರು. ಆಟದ ಸಾಮಾನು ಅಂತ ಒಂದೇ ಕೈಯಲ್ಲಿ ಎತ್ತಿದವನು ಬೆಚ್ಚಿದೆ. ಭಾರ ಇದೆ. ಒಂದೊಂದು ಚಕ್ರಕ್ಕೂ ಬೈಕಿನ ಹಾಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು. ಹಿಂದೆ ಮೋಟಾರು, ಗೇರು. ಟೈರಿನ ತುಂಬ ರಬ್ಬರಿನ ಮುಳ್ಳು. ಕಲ್ಲು ಮಣ್ಣಿನಲ್ಲಿ ಓಡಲಿಕ್ಕೇ ಮಾಡಿದ್ದು. ಕೈಯಲ್ಲಿ ಹಿಡಿಯುವ ರಿಮೋಟಿನಿಂದ ರೇಡಿಯೊ ಸಿಗ್ನಲ್ ಬಂದರೆ ಓಡುತ್ತದಂತೆ. ಇಂಥದ್ದನ್ನು ನಾನು ಫೋನಿನಲ್ಲಿ ಮಾತ್ರ ನೋಡಿದ್ದೆ.

ಗೋವರ್ಧನಣ್ಣನ ಅಪ್ಪ ಸೂರಪ್ಪ ಮೊಳಕಾಲ್ಮೂರು ಸೀರೆ ಹೊತ್ತುಕೊಂಡು ಬೊಂಬಾಯಿಗೆ ಹೋಗಿ ಮಾರುತ್ತಿದ್ದವರು. ಗೋವರ್ಧನಣ್ಣ ಆರನೇ ಕ್ಲಾಸಿನಲ್ಲಿದ್ದಾಗ ಅಲ್ಲಿಂದ ಈ ಜಪಾನ್ ಕಾರು ತಂದರಂತೆ. ಬೇಸಿಗೆ ರಜೆಗೆ ಇವರು ರಾಯದುರ್ಗದ ಅತ್ತೆ ಮನೆಗೆ ಹೋಗಿ ಬರುವಷ್ಟರಲ್ಲಿ ಕಾರು ಇಲ್ಲ. ಹುಡುಗ ಯಾರಿಗೋ ಮಾರಿದ್ದಾನೆ ಅಂತ ಅಪ್ಪ ಬೆಲ್ಟು ಬಿಚ್ಚಿದರು. ಅಷ್ಟಕ್ಕೇ ಬಿಡಲಿಲ್ಲ.

"ಸಾಯೋ ತನಕ ನಮ್ಮಪ್ಪ ನನ್ನ ಹೆಸ್ರು ಹಿಡಿದು ಕರೀಲಿಲ್ಲ ಕಣಪ್ಪ. ಮಾರ್ಕೊಂಡೋನು ಅಂತ್ಲೇ ಕರೀತಿದ್ದ."

ಹೋದ ವಾರ ಕೊಂಡ್ಲಹಳ್ಳಿಯ ಮನೆಯ ಮಾಳಿಗೆ ಸೋರುತ್ತದೆ ಅಂತ ಅಟ್ಟ ಖಾಲಿ ಮಾಡುವಾಗ ಈ ಟ್ರಂಕು ಸಿಕ್ಕಿದೆ. ಓಡುವ ಹಾಗೆ ಮಾಡು ಅಂದರು. ಇದು ಯಾರ ಕೈಯಲ್ಲಿ ಕೆಟ್ಟಿತು, ಯಾರು ಮುಚ್ಚಿಟ್ಟರು, ಅದನ್ನೂ ತಿಳ್ಕೋಬೇಕು ಅಂದರು. ನಗುತ್ತಲೇ ಅಂದರು. ಕಣ್ಣು ನಗುತ್ತಿರಲಿಲ್ಲ.

ಜನವರಿ 11, ಶನಿವಾರ

ಎಲ್ಲ ಬಿಚ್ಚಿದೆ. ವೈರುಗಳೆಲ್ಲ ಕರ್ರಗೆ ಅಂಟಂಟಾಗಿವೆ. ಹಳೇ ಬ್ಯಾಟರಿ ಸೋರಿದರೆ ಹೀಗೇ ಆಗುತ್ತದೆ. ಟೈರು ಒಣಗಿ ಹಪ್ಪಳ. ಮುಂದಿನ ಚಕ್ರವನ್ನು ಹಿಡಿದಿರುವ ಒಂದು ತೋಳು ಕಟ್ಟಾಗಿದೆ. ತಳದ ಪ್ಲಾಸ್ಟಿಕ್ಕು ಬ್ಯಾಟರಿಯ ಜಾಗದಲ್ಲಿ ಒಳಕ್ಕೆ ತಗ್ಗಾಗಿದೆ. ಯಾರೋ ಹಿಮ್ಮಡಿ ಊರಿ ನಿಂತ ಹಾಗೆ. ಮೋಟಾರು ಮಾತ್ರ ಚೆನ್ನಾಗಿದೆ, ನೇರ ಬ್ಯಾಟರಿ ಮುಟ್ಟಿಸಿದೆ, ಕಿರ್‍ರ್ ಅಂತು. ಇಷ್ಟು ವರ್ಷ ಕತ್ತಲಲ್ಲಿದ್ದದ್ದು ಮುಟ್ಟಿದ ತಕ್ಷಣ ತಿರುಗಿತಲ್ಲ, ಮತ್ತೆ ಮೂರು ಸಲ ಮುಟ್ಟಿಸಿದೆ.

ಊಟಕ್ಕೆ ಹೋಗುವುದನ್ನೇ ಮರೆತಿದ್ದೆ. ಮುಬಷೀರಣ್ಣ ಹೇಳಿದ ಮೇಲೆ ಗೊತ್ತಾಯಿತು.

ರಿಮೋಟು ಟ್ರಂಕಿನಲ್ಲಿ ಇಲ್ಲ. ಅದಿಲ್ಲದೆ ಕಾರು ಬರೀ ಕಾರು.

ಜನವರಿ 19, ಭಾನುವಾರ

ರಿಮೋಟು ಹುಡುಕಿಕೊಂಡು ಕೊಂಡ್ಲಹಳ್ಳಿಗೆ ಹೋಗಿದ್ದೆ. ಬಳ್ಳಾರಿ ಬಸ್ಸು ಹತ್ತಿ ಬಿ.ಜಿ. ಕೆರೆಯಲ್ಲಿ ಇಳಿದು, ಅಲ್ಲಿಂದ ಆಟೊ. ಮನೆಯಲ್ಲಿ ಇರುವುದು ಗೋವರ್ಧನಣ್ಣನ ತಾಯಿ ಬೋರಕ್ಕಜ್ಜಿ ಮತ್ತು ತಮ್ಮ ಓಬಳೇಶಣ್ಣನ ಸಂಸಾರ. ಓಬಳೇಶಣ್ಣನೂ ಮಿಲ್ಲಿನಲ್ಲೇ ಅಣ್ಣನ ಜೊತೆ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. ಮಾತು ಕಡಿಮೆ. ಬಲಗೈ ಬೆರಳುಗಳು ಮಡಚಿಕೊಂಡು ಅಂಟಿವೆ, ಅದರ ಮೇಲೆ ಯಾವಾಗಲೂ ಟವೆಲ್ಲು. ಸಣ್ಣವನಿದ್ದಾಗ ಬೋಂಡದ ಬಾಣಲೆಯ ಎಣ್ಣೆ ಬಿದ್ದದ್ದು ಅಂತ ಮಿಲ್ಲಿನಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಮಜ್ಜಿಗೆ ಕೊಡುವಾಗ, ಎಡಗೈಯಾಗೆ ಕೊಡ್ತೀನಿ, ಬೇಜಾರು ಮಾಡ್ಕೋಬ್ಯಾಡ ಅಂದರು.

ಅಜ್ಜಿಗೆ ಹೋದ ವರ್ಷ ಲಕ್ವ ಹೊಡೆದಿದೆ. ಮಾತು ಹೆಚ್ಚುಕಡಿಮೆ ನಿಂತಿದೆ. ಓಬಳೇಶಣ್ಣ ಎಮ್ಮೆಗೆ ನೀರಿಡಲು ಹೊರಗೆ ಹೋದಾಗ ನಾನು ಫೋನಿನಲ್ಲಿ ಕಾರಿನ ಫೋಟೊ ತೋರಿಸಿದೆ. ಅಜ್ಜಿ ಬಹಳ ಹೊತ್ತು ನೋಡಿ, ಮಂಚದ ಕೆಳಗೆ ಕೈ ತೋರಿಸಿದಳು. ಅಲ್ಲಿದ್ದ ಬುಟ್ಟಿಯ ತಳದಲ್ಲಿ ರಿಮೋಟು. ಎರಡು ಸಣ್ಣ ಕೋಲು, ಉದ್ದಕ್ಕೆ ಎಳೆಯುವ ಆಂಟೆನಾ. ಅಟ್ಟದಲ್ಲಿ ಕಾರು, ತನ್ನ ಮಂಚದ ಕೆಳಗೆ ರಿಮೋಟು. ಮುಚ್ಚಿಟ್ಟವಳು ಅಜ್ಜಿಯೇ.

ಆಮೇಲೆ, ಇದನ್ನ ಕೆಡಿಸಿದ್ದು ಯಾರಜ್ಜಿ ಅಂತ ಕೇಳಿದೆ. ಅಜ್ಜಿಯ ಬಾಯಿ ಒಂದು ಕಡೆ ಎಳೆಯಿತು. ಒಂದೊಂದೇ ಮಾತನ್ನು ಕಲ್ಲು ಎತ್ತಿದ ಹಾಗೆ ಎತ್ತಿ ಇಟ್ಟಳು.

"ತಮ್ಮುಡು. ಚೆಯ್ಯಿ. ಕಾಲಿಂದ."

ಆ ಊರಿನವರ ಬಾಯಲ್ಲಿ ತೆಲುಗು ಕನ್ನಡ ಎರಡೂ ಒಂದೇ ತಟ್ಟೆಯಲ್ಲಿ ಕಲಸಿರುತ್ತದೆ. ತಮ್ಮುಡು ಅಂದರೆ ತಮ್ಮ. ಚೆಯ್ಯಿ ಅಂದರೆ ಮಾಡು. ತೆಲುಗು ಸಿನಿಮಾ ನೋಡಿದವರಿಗೆ ಅಷ್ಟು ಗೊತ್ತಿರುತ್ತದೆ. ಕಾಲಿಂದ ಅಂತೂ ಕನ್ನಡವೇ. ಮುರಿದ ತೋಳು, ಹಿಮ್ಮಡಿಯ ತಗ್ಗು, ಎಲ್ಲ ಸರಿಹೋಯಿತು. ಅಷ್ಟು ಮೆತ್ತಗಿನ ಮನುಷ್ಯ. ಅಣ್ಣ ಏಟು ತಿನ್ನುವಾಗ ನೋಡಿಕೊಂಡು ಸುಮ್ಮನೆ ನಿಂತಿದ್ದನೇ?

ಓಬಳೇಶಣ್ಣ ಒಳಗೆ ಬಂದು ನನ್ನ ಕೈಯಲ್ಲಿ ರಿಮೋಟು ನೋಡಿ ಬಾಗಿಲಲ್ಲೇ ನಿಂತರು.

ಜನವರಿ 20, ಸೋಮವಾರ

ಮಿಲ್ಲಿಗೆ ಹೋದೆ. ರಿಮೋಟು ಸಿಕ್ಕಿತು ಅಂದಾಗ ಗೋವರ್ಧನಣ್ಣ ಹುಡುಗರಂತೆ ಎದ್ದು ನಿಂತರು. ಅಟ್ಟಕ್ಕೆ ಹಾಕಿದ್ದು ನಿಮ್ಮ ತಾಯಿ ಅಂದೆ. ಕೆಡಿಸಿದ್ದು ಯಾರಂತೆ ಅಂದರು. ಮಿಲ್ಲಿನವರು ನಾಲ್ಕೈದು ಜನ ಅಲ್ಲೇ ಇದ್ದರು, ಓಬಳೇಶಣ್ಣನೂ ಯಂತ್ರಕ್ಕೆ ಶೇಂಗಾ ಸುರಿಯುತ್ತಿದ್ದರು. ಕೇಳಿದಾರಲ್ಲ, ಹೇಳಿದೆ. ನಿಮ್ಮ ತಮ್ಮ ಕಾಲಿಂದ ತುಳಿದರಂತೆ, ನಿಮ್ಮ ತಾಯಿಯೇ ಹೇಳಿದರು ಅಂದೆ.

ಗೋವರ್ಧನಣ್ಣ ಮೊದಲು ನಕ್ಕರು. ತಮ್ಮನ ಕಡೆ ತಿರುಗಿ, ಏನಲೇ ಇದು ಅಂದರು. ಓಬಳೇಶಣ್ಣ ಅಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಅವ್ವ ಹಂಗಂದ್ಲಾ?"

"ಹೂಂ ಅಣ್ಣ."

ಯಂತ್ರ ಬಂದ್ ಮಾಡಿದರು. ಟವೆಲ್ಲು ಕೈಗೆ ಸುತ್ತಿಕೊಂಡರು. ಗೋವರ್ಧನಣ್ಣ ಹಿಂದಿನಿಂದ ಕೂಗಿದರು.

"ಇಲ್ಲ ಅಂತ ಒಂದು ಮಾತು ಅನ್ನಲೇ. ಅಪ್ಪ ನನ್ನ ಚರ್ಮ ಸುಲಿಯೋವಾಗ ನೀನು ಅಲ್ಲೇ ಇದ್ದೆ ಅಲ್ವಾ. ಇಲ್ಲ ಅಂತಾದ್ರೂ ಅನ್ನು."

ಅನ್ನಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಒಂದು ಆಟದ ಕಾರಿನ ವಿಷಯಕ್ಕೆ ಇಷ್ಟಾಗುತ್ತದೆ ಅಂತ ನನಗೇನು ಗೊತ್ತು.

ಜನವರಿ 21, ಮಂಗಳವಾರ

ಕೇಳಿದ್ದನ್ನು ಹೇಳಿದೆ. ನನ್ನ ತಪ್ಪು ಏನೂ ಇಲ್ಲ.

ಜನವರಿ 28, ಮಂಗಳವಾರ

ಓಬಳೇಶಣ್ಣ ಅವತ್ತಿನಿಂದ ಮಿಲ್ಲಿಗೆ ಬಂದಿಲ್ಲ. ಗೋವರ್ಧನಣ್ಣ ಬೇರೆ ಆಳು ಹುಡುಕುತ್ತಿದ್ದಾರಂತೆ. ತಮ್ಮನಿಗೆ ಬೇರೆ ಏನಾದರೂ ದಾರಿ ನೋಡ್ಕೋ ಅಂತ ಹೇಳಿ ಕಳಿಸಿದಾರಂತೆ. ಆ ಕೈ ಇಟ್ಟುಕೊಂಡು ಅವನಿಗೆ ಇನ್ಯಾರು ಕೆಲಸ ಕೊಡ್ತಾರೆ ಅಂತ ಮುಬಷೀರಣ್ಣ ಸೋಲ್ಡರಿಂಗ್ ಮಾಡುತ್ತಲೇ ಅಂದ. ನನ್ನ ಕಡೆ ನೋಡಲಿಲ್ಲ.

ಕೆಲಸ ಬಹಳ ಆಗಿದೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಎರಡು ಸೆಲ್ ತೆಗೆದು ಜೋಡಿಸಿದೆ. ವೈರೆಲ್ಲ ಹೊಸದು. ಟೈರು ಮುಂಬೈಯಿಂದ ತರಿಸಿದ್ದು, ಅಳತೆ ಸ್ವಲ್ಪ ಹೆಚ್ಚುಕಡಿಮೆ, ಅಂಟು ಹಾಕಿ ಕೂರಿಸಿದೆ. ಮುರಿದ ತೋಳಿಗೆ ಗಟ್ಟಿ ಪ್ಲಾಸ್ಟಿಕ್ಕು ಬೇಕಿತ್ತು. ಅವ್ವ ತರಕಾರಿ ಹೆಚ್ಚುವ ಬಿಳೀ ಮಣೆಯ ಮೂಲೆ ಕತ್ತರಿಸಿ, ಅರ ಹಾಕಿ ಉಜ್ಜಿ ತೋಳು ಮಾಡಿದೆ. ಮಣೆ ಏನಾಯ್ತು ಅಂತ ಅವ್ವ ಕೇಳಿದಳು. ಕತ್ತರಿಸಿದೆ ಅಂದೆ. ಹೇಳಿಬಿಟ್ಟರೆ ಮುಗೀತು ಅಂತ ತಿಳ್ಕೊಂಡಿದೀಯಲ್ಲ, ಹೇಳಿದ ಮೇಲೆ ನಾನು ಯಾವುದರ ಮೇಲೆ ಈರುಳ್ಳಿ ಹೆಚ್ಚಲಿ ಅಂದಳು.

ಸಂಜೆ ರಿಮೋಟಿನ ಆಂಟೆನಾ ಎಳೆದು ಬಲಗಡೆಯ ಕೋಲು ತಳ್ಳಿದೆ. ಮೇಜಿನ ಮೇಲೆ ಕಾರಿನ ಮುಂದಿನ ಚಕ್ರ ತಿರುಗಿತು. ವೈರಿಲ್ಲ, ಏನಿಲ್ಲ. ಇದನ್ನ ವರವು ಕಾವಲಿನ ಮಿಲಿಟರಿ ಬೇಲಿ ಕಡೆ ತಗೊಂಡು ಹೋಗಬ್ಯಾಡ, ಅಲ್ಲಿ ಗಾರ್ಡುಗಳು ನಿನ್ನ ಒಳಗೆ ಕೂರಿಸ್ಕೊಂಡು ಸಾಕ್ಷಿ ಹೇಳು ಅಂತಾರೆ ಅಂದ ಮುಬಷೀರಣ್ಣ. ನಗಬೇಕಿತ್ತು. ನಗು ಬರಲಿಲ್ಲ.

ಫೆಬ್ರವರಿ 4, ಮಂಗಳವಾರ

ಹೇಗೆ ಬರೆಯುವುದು ಗೊತ್ತಾಗುತ್ತಿಲ್ಲ. ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಪರಶುರಾಂಪುರದ ಕಡೆಯ ಮೂಗಮ್ಮ ಅನ್ನೋ ಹೆಂಗಸು ಮಿಕ್ಸಿ ತಂದಳು. ಏನಾಗಿದೆ ಅಂದೆ.

"ಕಾಲಿಂದಿ ಸಾಮಿ."

ಕಾಲಿಂದ ಒದ್ದರಾ ಅಂತ ಕೇಳಿದೆ. ಅವಳು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದಳು. ಮುಬಷೀರಣ್ಣ ಮಿಕ್ಸಿಯನ್ನು ಪ್ಲಗ್ಗಿಗೆ ಹಾಕಿ ಒಂದು ಸಲ ಒತ್ತಿದ. ಒಳಗೆ ಕಿಡಿ ಹಾರಿ ಸುಟ್ಟ ವಾಸನೆ ಬಂತು. ಆ ಕಿಡಿಗೆ ಮೇಜಿನ ಮೇಲಿದ್ದ ಕಾರಿನ ಮುಂದಿನ ಚಕ್ರಗಳು ತಾವೇ ನಡುಗಿದವು. ಹತ್ತಿರ ಕಿಡಿ ಹಾರಿದರೆ ಹಳೇ ರೇಡಿಯೊ ಅದನ್ನೂ ಸಿಗ್ನಲ್ ಅಂದುಕೊಳ್ಳುತ್ತದೆ.

"ತೆಲುಗಲ್ಲಿ ಕಾಲಿಂದಿ ಅಂದ್ರೆ ಸುಟ್ಟೋಗೈತೆ ಅಂತ ಕಣಲೇ. ಇಷ್ಟೂ ಗೊತ್ತಿಲ್ವಾ ನಿಂಗೆ?"

ಅಜ್ಜಿಯ ಬಾಯಿ ಕಣ್ಣ ಮುಂದೆ ಬಂತು. ಕಾಲಿಂದಿಯ ಕೊನೆಯ ‘ಇ’ಯನ್ನು ಆ ಎಳೆದ ಬಾಯಿ ನುಂಗಿತ್ತು. ಮುಬಷೀರಣ್ಣ, ಚೆಯ್ಯಿ ಅಂದ್ರೆ ಮಾಡು ಅಂತ ತಾನೇ ಅಂದೆ. ಅಂತಾನೂ ಹೌದು ಅಂದ. ಇನ್ನೇನು ಅಂದೆ. ಅವನು ಸ್ಕ್ರೂಡ್ರೈವರ್ ಹಿಡಿದಿದ್ದ ತನ್ನ ಕೈಯನ್ನು ಮೇಲೆತ್ತಿ ತೋರಿಸಿದ.

ತಮ್ಮನ ಕೈ ಸುಟ್ಟಿತು.

ಅಜ್ಜಿ ಅಂದದ್ದು ಅಷ್ಟೇ. ನಾನು ಆ ಮೂರು ಮಾತನ್ನು ಇದ್ದ ಹಾಗೆ ಮಿಲ್ಲಿನಲ್ಲಿ ಹೇಳಿದ್ದರೂ ಸಾಕಿತ್ತು. ಮನೆಯಲ್ಲಿ ತೆಲುಗು ಆಡಿ ಬೆಳೆದ ಗೋವರ್ಧನಣ್ಣನಿಗೆ ತಕ್ಷಣ ತಿಳಿಯುತ್ತಿತ್ತು. ನಾನು ಕೇಳಿದ್ದನ್ನು ಹೇಳಲಿಲ್ಲ. ನನಗೆ ತಿಳಿದದ್ದನ್ನು ಹೇಳಿದೆ. ಎರಡೂ ಒಂದೇ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಕಾರನ್ನು ಮತ್ತೆ ಬಿಚ್ಚಿದೆ. ತಳದ ತಗ್ಗಿನಲ್ಲಿ ಕರೀ ಮಸಿ ಗಟ್ಟಿ ಕೂತಿತ್ತು, ಹೇಗೂ ಕಾಣುವ ಜಾಗ ಅಲ್ಲ ಅಂತ ಅದನ್ನು ಹಾಗೇ ಬಿಟ್ಟಿದ್ದೆ. ಸೋಪು ನೀರು, ಹಲ್ಲುಜ್ಜುವ ಬ್ರಷ್ಷು. ಮಸಿ ಬಿಡುತ್ತಾ ಬಂತು. ಹಿಮ್ಮಡಿ ಅಲ್ಲ. ಪಕ್ಕಪಕ್ಕದಲ್ಲಿ ನಾಲ್ಕು ಗೆರೆ, ಒಂದಕ್ಕಿಂತ ಒಂದು ಚೂರು ಉದ್ದ, ಕೊನೆಯದು ಚಿಕ್ಕದು. ಕರಗಿದ ಪ್ಲಾಸ್ಟಿಕ್ಕಿನಲ್ಲಿ ಬೆರಳು ಹೂತ ಗುರುತು. ನನ್ನ ಬೆರಳು ಇಟ್ಟು ನೋಡಿದೆ. ತುದಿ ಮಾತ್ರ ಹಿಡಿಯಿತು. ಅಷ್ಟು ಸಣ್ಣ ಕೈ.



ಫೆಬ್ರವರಿ 5, ಬುಧವಾರ

ಮಿಲ್ಲಿಗೆ ಹೋದೆ. ಅವತ್ತು ಇದ್ದವರೆಲ್ಲ ಇವತ್ತೂ ಇದ್ದರು. ಅವರ ಮುಂದೆಯೇ, ಅವತ್ತು ನಾನು ಹೇಳಿದ್ದು ಅಜ್ಜಿಯ ಮಾತಲ್ಲ, ನನ್ನ ಮಾತು ಅಂದೆ. ಅಜ್ಜಿಯ ಮೂರು ಮಾತನ್ನು ಅವಳ ಹಾಗೆಯೇ ನಿಧಾನಕ್ಕೆ ಹೇಳಿದೆ. ಗೋವರ್ಧನಣ್ಣನ ಕೈಯಿಂದ ಎಣ್ಣೆಯ ಅಳತೆ ಪಾತ್ರೆ ಬಿತ್ತು. ಕಾರನ್ನು ತಲೆಕೆಳಗು ಮಾಡಿ ಮುಂದಿಟ್ಟೆ.

ಆ ಗುರುತಿನ ಮೇಲೆ ಅವರು ಬೆರಳು ಇಡಲಿಲ್ಲ.

"ಬೋಂಡದ ಎಣ್ಣೆ ಅಂದ್ಲಲ್ಲೋ ಅವ್ವ" ಅಂದರು, ನನಗಲ್ಲ. "ನಮ್ಮ ಮನೇಲಿ ಯಾವತ್ತು ಬೋಂಡ ಮಾಡಿದ್ರು ಅಂತ ನಾನು ಯಾಕೆ ಕೇಳ್ಲಿಲ್ಲ?"

ಭಾನುವಾರ ನೀನೂ ಬಾ ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 7, ಶುಕ್ರವಾರ

ರಿಮೋಟು ಬಿಚ್ಚಿ ಎರಡು ಕೋಲುಗಳ ಜಾಗ ಅದಲುಬದಲು ಮಾಡಿದೆ. ಮೊದಲು ಚಕ್ರ ತಿರುಗಿಸುವ ಕೋಲು ಬಲಗಡೆ ಇತ್ತು, ಅದಕ್ಕೆ ಹೆಬ್ಬೆರಳು ನಾಜೂಕಾಗಿ ಆಡಬೇಕು. ಈಗ ಅದು ಎಡಕ್ಕೆ ಬಂತು. ಬಲಗಡೆ ಮುಂದಕ್ಕೆ ಹಿಂದಕ್ಕೆ ಓಡಿಸುವ ಕೋಲು. ಅದನ್ನು ಮುಷ್ಟಿಯಿಂದಲೂ ತಳ್ಳಬಹುದು. ಯಾಕೆ ಅಂತ ಮುಬಷೀರಣ್ಣ ಕೇಳಲಿಲ್ಲ, ಟಾರ್ಚು ಹಿಡಿದುಕೊಂಡು ನಿಂತ.

ಫೆಬ್ರವರಿ 9, ಭಾನುವಾರ

ಕೊಂಡ್ಲಹಳ್ಳಿಯಿಂದ ಈಗ ಬಂದೆ. ತಲೆ ಇನ್ನೂ ಗಿರ್ರಂತಿದೆ.

ಓಬಳೇಶಣ್ಣ ಅಣ್ಣನನ್ನು ನೋಡಿ ಎದ್ದು ನಿಂತರು, ಬನ್ನಿ ಅನ್ನಲಿಲ್ಲ. ಅಜ್ಜಿ ಮಂಚದ ಮೇಲೆ. ಗೋವರ್ಧನಣ್ಣ ಕಾರನ್ನು ಅಂಗಾತ ಮಾಡಿ ಅಜ್ಜಿಯ ಪಕ್ಕ ಇಟ್ಟು, ತಮ್ಮನ ಕೈಯ ಟವೆಲ್ಲು ತೆಗೆದರು. ಆ ಕೈಯನ್ನು ನಾನು ಇವತ್ತೇ ಸರಿಯಾಗಿ ನೋಡಿದ್ದು. ಓಬಳೇಶಣ್ಣ ನಿಧಾನಕ್ಕೆ ಹೇಳಿದರು. ಅಣ್ಣ ಬರುವಷ್ಟರಲ್ಲಿ ಚಾರ್ಜು ಮಾಡಿಡೋಣ ಅಂತ ಪಕ್ಕದ ಮನೆ ಟ್ರಾಕ್ಟರಿನ ಬ್ಯಾಟರಿಗೆ ವೈರು ಸಿಕ್ಕಿಸಿದ್ದರಂತೆ. ಹೊಗೆ ಬಂತು. ಅಣ್ಣನ ಕಾರು ಸುಡುತ್ತದೆ ಅಂತ ಎತ್ತಿಕೊಂಡು ಓಡಿದರಂತೆ. ಬಿಸಾಡಲಿಲ್ಲ. ಬಾವಿಯ ತನಕ ಹಿಡಿದುಕೊಂಡೇ ಓಡಿದರು. ಮುಟ್ಟಬೇಡ ಅಂದಿದ್ದನ್ನು ಮುಟ್ಟಿದ್ದಕ್ಕೆ ಅಪ್ಪ ಸುಟ್ಟ ಕೈ ಅಂತಾನೂ ನೋಡದೆ ಹೊಡೀತಾನೆ ಅಂತ ಅವ್ವ ಕಾರು ಅಡಗಿಸಿ ಬೋಂಡದ ಕಥೆ ಕಟ್ಟಿದಳು. ಆ ಏಟು ದೊಡ್ಡವನಿಗೆ ಬೀಳುತ್ತದೆ ಅಂತ ಅವಳು ಎಣಿಸಿರಲಿಲ್ಲ.

ನನ್ನ ಸರದಿ ಬಂತು ಅಂದುಕೊಂಡು ನಾನು ಮುಂದೆ ಹೋದೆ.

"ಅಣ್ಣ, ನಾನು ತಪ್ಪು ಕೇಳಿಸ್ಕೊಂಡೆ. ನೀವು ತುಳಿದಿದ್ದೇ ಇಲ್ಲ."

"ತುಳಿದಿದ್ದೆ."

ಗೋವರ್ಧನಣ್ಣ ತಲೆ ಎತ್ತಿದರು. ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು.

"ಆಸ್ಪತ್ರೆಯಿಂದ ಬಂದ ದಿನ. ಇದರಿಂದ್ಲೇ ಅಲ್ವಾ ನನ್ನ ಕೈ ಹೋಗಿದ್ದು ಅಂತ ಸಿಟ್ಟು ಬಂತು. ಅವ್ವ ಬಚ್ಚಿಟ್ಟ ಗಂಟು ಎಳೆದು ತೆಗೆದೆ. ಒದ್ದೆ. ಮುಂದಿನ ಚಕ್ರ ಕಿತ್ಕೊಂಡು ಬಂತು. ಮನೇಲಿ ಯಾರೂ ಇರ್ಲಿಲ್ಲ. ಕೈ ಸುಟ್ಟಿದ್ದನ್ನ ಅಣ್ಣನಿಗೆ ಎಂದಾದ್ರೂ ಹೇಳ್ತಿದ್ದೆ. ಒದ್ದಿದ್ದು ಹೇಳಕ್ಕೆ ಬಾಯಿ ಬರ್ಲಿಲ್ಲ. ನೀನು ಮಿಲ್ಲಾಗೆ ಅಂದಾಗ, ಅವ್ವ ಎಲ್ಲ ನೋಡಿದ್ಲು, ನೋಡಿಯೂ ಇಷ್ಟು ವರ್ಷ ಸುಮ್ನೆ ನಂಗೆ ಅನ್ನ ಹಾಕಿದ್ಲು ಅಂತ ತಿಳ್ಕೊಂಡೆ."

ಅದಕ್ಕೇ ಅವತ್ತು ಇಲ್ಲ ಅನ್ನಲಿಲ್ಲ. ಇಲ್ಲ ಅಂದರೆ ಸುಳ್ಳಾಗುತ್ತಿತ್ತು. ತಪ್ಪು ಕೇಳಿಸಿಕೊಂಡು, ತಪ್ಪು ಅರ್ಥ ಮಾಡಿಕೊಂಡು, ಯಾರೂ ನೋಡದ ನಿಜವನ್ನು ನಾಲ್ಕು ಜನರ ಮುಂದೆ ಆಡಿದ್ದೆ.

ಗೋವರ್ಧನಣ್ಣ ತಮ್ಮನ ಹತ್ತಿರ ಹೋದರು. ಹೊಡೆಯುತ್ತಾರೆ ಅಂತಲೇ ಅಂದುಕೊಂಡೆ.

"ಯಾವ ಕಾಲು?"

ಓಬಳೇಶಣ್ಣ ಬಲಗಾಲು ಮುಂದಿಟ್ಟರು. ಗೋವರ್ಧನಣ್ಣ ಚಪ್ಪಲಿ ಬಿಟ್ಟು, ತಲೆ ನರೆತ ಮನುಷ್ಯ, ತಮ್ಮನ ಪಾದದ ಮೇಲೆ ತಮ್ಮ ಪಾದ ಇಟ್ಟು ಒಂದು ಸಲ ಗಟ್ಟಿಯಾಗಿ ತುಳಿದರು. ಸಣ್ಣ ಹುಡುಗರು ಜಗಳ ಮುಗಿಸುವ ಹಾಗೆ.

"ಆತು. ನಾಳೆಯಿಂದ ಮಿಲ್ಲಿಗೆ ಬಾ."

ಮಂಚದ ಮೇಲಿಂದ ಒಂದು ಸದ್ದು ಬಂತು. ಅಜ್ಜಿ ಅಳುತ್ತಿದ್ದಾಳೆ ಅಂತ ಓಡಿದೆ. ಅವಳು ನಗುತ್ತಿದ್ದಳು, ಅರ್ಧ ಬಾಯಿಯಲ್ಲಿ. ದೊಡ್ಡ ಮಗನ ಮಣಿಕಟ್ಟು ಹಿಡಿದುಕೊಂಡವಳು ನಾನು ಹೊರಡುವ ತನಕ ಬಿಟ್ಟಿರಲಿಲ್ಲ.

ಆಮೇಲೆ ಅಂಗಳದಲ್ಲಿ ಕಾರು ಇಟ್ಟೆ. ರಿಮೋಟನ್ನು ಓಬಳೇಶಣ್ಣನ ಕೈಗೆ ಕೊಟ್ಟು ಕೋಲು ಬದಲಿಸಿದ್ದನ್ನು ಹೇಳಿದೆ. ಅವರು ಒಮ್ಮೆಯೂ ಅದನ್ನು ಓಡಿಸಿದವರಲ್ಲವಂತೆ. ಮುಷ್ಟಿಯಿಂದ ತಳ್ಳಿದರು. ಮುಷ್ಟಿಗೆ ಮೆಲ್ಲಗೆ ಅನ್ನೋದು ಗೊತ್ತಿಲ್ಲ. ಕಾರು ಧೂಳೆಬ್ಬಿಸಿಕೊಂಡು ಬಾಣದಂತೆ ಹೋಗಿ ಒರಳುಕಲ್ಲಿಗೆ ಗುದ್ದಿ ಪಲ್ಟಿ ಹೊಡೆಯಿತು. ಓಡಿಹೋಗಿ ಎತ್ತಿ ನೋಡಿದೆ. ಅವ್ವನ ಮಣೆ ಮುರಿದಿರಲಿಲ್ಲ.

ಫೆಬ್ರವರಿ 25, ಮಂಗಳವಾರ

ಬಹಳ ದಿನ ಬರೆದಿಲ್ಲ. ಕೆಲಸ ಜಾಸ್ತಿ. ಅವ್ವನಿಗೆ ಹೊಸ ಮಣೆ ತಂದುಕೊಟ್ಟೆ.

ಮೂಗಮ್ಮ ಮಿಕ್ಸಿ ತಗೊಂಡು ಹೋಗಲು ಬಂದಿದ್ದಳು. ಜೊತೆಗೆ ಇನ್ನೊಂದು ಹಳೇ ಫ್ಯಾನು ತಂದು ಏನೋ ಅಂದಳು. ಇನ್ನೊಂದ್ಸಲ ಹೇಳಮ್ಮ ಅಂದೆ. ಹೇಳಿದಳು. ನಾನು ಅದನ್ನೇ ಅವಳಿಗೆ ತಿರುಗಿ ಹೇಳಿ, ಹಿಂಗೇ ತಾನೇ ನೀವು ಅಂದಿದ್ದು ಅಂತ ಕೇಳಿದೆ. ಹೌದಪ್ಪ ಅಂದು ನಕ್ಕಳು.

ಈಗೀಗ ಯಾರು ಬಂದರೂ ಎರಡೆರಡು ಸಲ ಕೇಳ್ತೀಯಲ್ಲ, ಕಿವಿ ಹೋಯ್ತೇನಲೇ ನಿಂದು ಅಂತ ಮುಬಷೀರಣ್ಣ ಎಲ್ಲರ ಮುಂದೆ ರೇಗಿಸುತ್ತಾನೆ. ನನ್ನ ಕಿವಿಗೇನೂ ಆಗಿಲ್ಲ. ಅವನಿಗೆ ಯಾಕೆ ಹಾಗನ್ನಿಸುತ್ತದೋ.